ವಿಭೂತಿ ಹಳದಿಯಾದ ಚಳಿಗಾಲ

ನನ್ನ ಕ್ಯಾಮೆರಾ ಚೀಲ ಬಿಚ್ಚಿದರೆ ದೇವರ ಕೋಣೆ ವಾಸನೆ ಬರುತ್ತೆ. ನಗಬೇಡಿ, ನಿಜವೇ. ಲೆನ್ಸು, ಬ್ಯಾಟರಿ, ಒರೆಸೋ ಬಟ್ಟೆಗಳ ಜೊತೆ ಅದರಲ್ಲಿ ಒಂದು ವಿಭೂತಿ ಗಟ್ಟಿ ಯಾವಾಗಲೂ ಇರುತ್ತೆ. ಮೊನ್ನೆ ಸಿಂಗಟಗೆರೆಗೆ ಕಾವ್ಯಳ ಮಗುವಿನ ನಾಮಕರಣದ ಫೋಟೋ ತೆಗೆಯಲು ಹೋಗಿದ್ದೆ. ಅವಳ ತೌರಿನ ಹಜಾರದಲ್ಲಿ ಕೂತು ಚೀಲದ ಜಿಪ್ಪು ಎಳೆದೆ, ಆ ವಾಸನೆ ಗಮ್ಮಂತ ಬಂತು. ತಲೆ ಎತ್ತಿದರೆ ಎದುರು ಗೋಡೆ ಮೇಲೆ ನಾನೇ ತೆಗೆದ ಫೋಟೋ. ಕೆರೆ ಏರಿ ಮೇಲೆ ಕಾವ್ಯ, ಪಕ್ಕದಲ್ಲಿ ಅವಳ ಗಂಡ, ಇಬ್ಬರ ತಲೆ ಮೇಲೂ ಆಕಾಶದ ತುಂಬ ಚುಕ್ಕಿ. ಆ ಫೋಟೋ ತೆಗೆದ ಚಳಿಗಾಲ ಒಂದೇ ಏಟಿಗೆ ನೆನಪಾಗಿ ಕಣ್ಣು ಒದ್ದೆಯಾಯಿತು. ಕಾವ್ಯಳ ತಾಯಿ, "ಯಾಕ್ರಮ್ಮ, ಹೊಗೆ ಹೋಯ್ತಾ ಕಣ್ಣಿಗೆ?" ಅಂದರು. ಹೂಂ ಅಂದೆ.

ವಿಭೂತಿ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಕ್ಯಾಮೆರಾಕ್ಕೆ ಬಿಳಿ ಯಾವುದು ಅಂತ ತಾನಾಗಿ ಗೊತ್ತಾಗಲ್ಲ. "ನೋಡಪ್ಪ, ಈ ಬೆಳಕಲ್ಲಿ ಇದು ಬಿಳಿ" ಅಂತ ಒಂದು ವಸ್ತು ತೋರಿಸಬೇಕು, ಮಿಕ್ಕ ಬಣ್ಣಗಳನ್ನು ಅದರ ಮೇಲೆ ಕೂರಿಸಿಕೊಳ್ಳುತ್ತೆ. ಅದಕ್ಕೆ ಅಂತಲೇ ಒಂದು ಕಾರ್ಡು ಸಿಗುತ್ತೆ. ನನ್ನ ಕಾರ್ಡನ್ನು ಒಂದು ಮದುವೆ ಮನೆಯಲ್ಲಿ ಯಾರೋ ಹೆಂಗಸು ಅಕ್ಷತೆ ತಟ್ಟೆ ಮುಚ್ಚೋಕೆ ಅಂತ ತಗೊಂಡು ಹೋದವಳು ಮತ್ತೆ ಸಿಗಲೇ ಇಲ್ಲ. ಆವತ್ತು ಮದುಮಗನ ಅಜ್ಜನ ಕೈಯಲ್ಲಿದ್ದ ವಿಭೂತಿ ಗಟ್ಟಿ ಇಸಕೊಂಡು ಕ್ಯಾಮೆರಾಕ್ಕೆ ತೋರಿಸಿದೆ. ಬಣ್ಣ ಅಂದರೆ ಬಣ್ಣ, ಹಾಗೆ ಬಂತು! ಆಮೇಲೆ ಕಾರ್ಡು ಕೊಳ್ಳೋ ಗೋಜಿಗೇ ಹೋಗಲಿಲ್ಲ. ಮದುವೆಗೆ ಬಂದವರು ಮಾತ್ರ, "ಫೋಟೋ ತೆಗೆಯೋ ಮುಂಚೆ ಗಿರಿಜಕ್ಕ ಕ್ಯಾಮೆರಾಕ್ಕೆ ಪೂಜೆ ಮಾಡ್ತಾಳೆ ಕಣ್ರೀ" ಅಂತ ಗೌರವ ಕೊಡೋಕೆ ಶುರು ಮಾಡಿದರು. ನಾನೂ ಬೇಡ ಅನ್ನಲಿಲ್ಲ.

ಅಜ್ಜಂಪುರದಲ್ಲಿ ನನ್ನ ಸ್ಟುಡಿಯೋ. ಅಪ್ಪ ನಡೆಸುತ್ತಿದ್ದರು, ಅವರ ನಂತರ ನಾನು. ಮನೆಯಲ್ಲಿ ನಾವು ಮೂರೇ ಜನ. ನಾನು, ಬೀರೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ ಮಾಡೋ ನಮ್ಮ ಯಜಮಾನರು ಪರಮೇಶಿ, ಮತ್ತೆ ನಮ್ಮವ್ವ. ಅವ್ವನಿಗೆ ಎರಡು ಕಣ್ಣೂ ಕಾಣಲ್ಲ. ಹುಟ್ಟಿನಿಂದ ಅಲ್ಲ. ಐವತ್ತು ದಾಟಿದ ಮೇಲೆ ಕಣ್ಣೊಳಗೆ ಒತ್ತಡ ಏರಿ, ನರ ಒಣಗುತ್ತಾ ಬಂತು. ಅವ್ವ ಯಾರಿಗೂ ಹೇಳಲಿಲ್ಲ. ಗೋಡೆ ಸವರಿಕೊಂಡು ಓಡಾಡಿದಳು, ಅಕ್ಕಿ ಆರಿಸೋದನ್ನು "ಬೇಜಾರು ಕಣೇ" ಅಂತ ನನಗೆ ದಾಟಿಸಿದಳು. ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಟಾರ್ಚು ಆರಿಸಿ, "ಸ್ವಲ್ಪ ಮುಂಚೆ ಬಂದಿದ್ರೆ..." ಅಂದರು. ಅವ್ವನ ಕೈ ಹಿಡಿದುಕೊಂಡು ನಾನು ಆ ಮಾತು ಕೇಳಿದ್ದೆ. ತಾಯಿಗಿದ್ದರೆ ಮಕ್ಕಳೂ ಆಗಾಗ ತೋರಿಸಿಕೊಳ್ಳಬೇಕು ಅಂತಲೂ ಅವರು ಹೇಳಿದ್ದರು. ನಾನು ಒಂದೆರಡು ಸಲ ತೋರಿಸಿದೆ, ಆಮೇಲೆ ಮದುವೆ ಸೀಸನ್ನು, ಆಮೇಲೆ ಇನ್ನೊಂದು. ನಿಜ ಹೇಳಬೇಕಂದರೆ ಹೆದರಿಕೆ. ಕಣ್ಣು ಹೋದ ಫೋಟೋಗ್ರಾಫರನ್ನು ಯಾರು ಕರೀತಾರೆ ಹೇಳಿ?

ಆ ವರ್ಷ ದೀಪಾವಳಿ ಮುಗಿದ ಮೇಲೆ ಚಳಿ ಬಿಗಿಯಾಗಿ ಬಿತ್ತು. ರಾಗಿ ಕೊಯ್ಲು ಎದ್ದಿತ್ತು, ಸಿಂಗಟಗೆರೆ ದಾರಿಯಲ್ಲಿ ಟಾರು ರಸ್ತೆ ಮೇಲೇ ಹುಲ್ಲು ಹರಡಿ ವಾಹನಗಳ ಕೈಲಿ ತುಳಿಸುತ್ತಿದ್ದರು. ಕಾವ್ಯ ಅಲ್ಲಿಯ ಹುಡುಗಿ, ತೆಂಗಿನ ತೋಟದವರ ಮನೆ ಮಗಳು. ಕಡೂರಿನ ಹುಡುಗನ ಜೊತೆ ಮಾಘದಲ್ಲಿ ಮದುವೆ. ಈಗೆಲ್ಲ ಮದುವೆಗೆ ಮುಂಚೆಯೇ ಒಂದು ಫೋಟೋ ಶೂಟ್ ಆಗಲೇಬೇಕಲ್ಲ. ಬೇರೆಯವರು ಸಮುದ್ರ, ಜಲಪಾತ ಅಂತ ಓಡಿದರೆ ಈ ಹುಡುಗಿ ಸ್ಟುಡಿಯೋಗೆ ಬಂದು, "ಆಂಟಿ, ನಮ್ಮೂರ ಕೆರೆ ಏರಿ ಮೇಲೆ ನಿಂತು ಚುಕ್ಕಿ ಎಲ್ಲ ಕಾಣೋ ಹಂಗೆ ಒಂದು ಫೋಟೋ. ಛತ್ರದ ಬಾಗಿಲಲ್ಲಿ ಅದನ್ನೇ ದೊಡ್ಡದಾಗಿ ನಿಲ್ಲಿಸ್ಬೇಕು" ಅಂದಳು. ಚಿಕ್ಕವಳಿದ್ದಾಗ ಅವರಪ್ಪನ ಹೆಗಲ ಮೇಲೆ ಕೂತು ಆ ಏರಿ ಮೇಲೆ ಚುಕ್ಕಿ ನೋಡುತ್ತಿದ್ದಳಂತೆ. ಅಪ್ಪ ಈಗಿಲ್ಲ. ಅಂಥ ಮಾತು ಕೇಳಿದ ಮೇಲೆ ಆಗಲ್ಲ ಅನ್ನೋಕೆ ಬಾಯಿ ಬರುತ್ತಾ?

ರಾತ್ರಿ ಆಕಾಶದ ಫೋಟೋ ಸಸಾರ ಅಲ್ಲ. ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷ ತೆರೆದೇ ಇಡಬೇಕು. ಆಗ ನಮಗೆ ಕಾಣದ ಚುಕ್ಕಿಗಳೂ ಅದಕ್ಕೆ ಕಾಣುತ್ತವೆ, ಜೊತೆಗೆ ಬೇಡದ್ದೂ ಬಂದು ಸೇರಿಕೊಳ್ಳುತ್ತೆ. ಬೀರೂರು ಕಡೆಯ ದೀಪಗಳ ಬೆಳಕೆಲ್ಲ ಮೇಲೆದ್ದು ಆಕಾಶದ ಅಂಚು ಹುಣಸೆ ರಸದ ಬಣ್ಣಕ್ಕೆ ತಿರುಗುತ್ತೆ. ಇನ್ನೊಂದು ಕಾಟ ನಾಯ್ಸ್. ಕತ್ತಲೆ ಇರೋ ಕಡೆಯೆಲ್ಲ ಕೆಂಪು, ಹಸಿರು, ನೀಲಿ ಕಾಳುಗಳು. ಅವು ಆಕಾಶದಲ್ಲಿಲ್ಲ, ಕ್ಯಾಮೆರಾ ತಾನೇ ಬಿಸಿಯಾಗಿ ಹುಟ್ಟಿಸೋ ಸುಳ್ಳು ಚುಕ್ಕಿ. ನಿಜದ್ದು ಯಾವುದು, ಸುಳ್ಳು ಯಾವುದು ಅಂತ ತಿಳಿಯೋಕೆ ಒಂದು ಉಪಾಯ ಐತೆ. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತು ಇನ್ನೊಂದು ಫೋಟೋ ತೆಗೆಯೋದು. ಮುಚ್ಚಿದ ಕಣ್ಣಿಗೂ ಚುಕ್ಕಿ ಕಂಡರೆ ಅದು ಆಕಾಶದ್ದಲ್ಲ, ಕ್ಯಾಮೆರಾದ್ದೇ. ಅದನ್ನು ಕಂಪ್ಯೂಟರಿನಲ್ಲಿ ಕಳೆದುಬಿಟ್ಟರೆ ಬಹುಪಾಲು ಕಾಟ ತಪ್ಪುತ್ತೆ.

ಚಳಿಗಾಲವಾದ್ದರಿಂದ ಏಳು ಗಂಟೆಗೆಲ್ಲ ಕತ್ತಲು. ಕಾವ್ಯ ರೇಷ್ಮೆ ಸೀರೆ ಉಟ್ಟು ನಡುಗುತ್ತಾ ನಿಂತಳು, ಹುಡುಗ ಉಸಿರು ಬಿಗಿ ಹಿಡಿದು ನಿಂತ. ಅಲ್ಲಾಡಬಾರದಲ್ಲ, ಅದಕ್ಕೆ. ಪರಮೇಶಿ ಟಾರ್ಚು ಹಿಡಿದು, "ಗಾರ್ಡು ಹಸಿರು ತೋರಿಸೋವರೆಗೂ ಗಾಡಿ ಹೊರಡಂಗಿಲ್ಲ ಕಣಪ್ಪ" ಅಂತ ಅವನನ್ನು ನಗಿಸಿ ಎರಡು ಫೋಟೋ ಹಾಳು ಮಾಡಿದರು. ಮೂರನೆಯದು ಚೆನ್ನಾಗಿ ಬಂತು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ನೋಡಿ ಕಾವ್ಯ ಕೈ ಬಾಯಿಗಿಟ್ಟುಕೊಂಡಳು. ನನಗೆ ಮಾತ್ರ ಅದೆಲ್ಲ ಯಾಕೋ ಮಂಜು ಕವಿದ ಹಾಗೆ, ಹಳದಿ ಹಳದಿಯಾಗಿ ಕಂಡಿತು. ಕೆರೆ ಕಡೆಯ ಇಬ್ಬನಿ ಅಂದುಕೊಂಡೆ.

ಸ್ಟುಡಿಯೋದಲ್ಲಿ ಕೂತು ಬಣ್ಣ ಸರಿ ಮಾಡೋಕೆ ಶುರು ಮಾಡಿದೆ. ವಿಭೂತಿ ಹಿಡಿದು ತೆಗೆದ ಫೋಟೋ ತೋರಿಸಿ "ಇದು ಬಿಳಿ" ಅಂದರೆ ಕಂಪ್ಯೂಟರು ತನ್ನ ಲೆಕ್ಕ ಮಾಡಿ ಮುಗಿಸಿತು. ನನಗೆ ಮಾತ್ರ ಇನ್ನೂ ಹಳದಿಯೇ. ಸರಿ, ಕೈಯಾರೆ ನೀಲಿ ಸೇರಿಸಿದೆ. ಸಾಲದು ಅನಿಸಿತು, ಇನ್ನಷ್ಟು. ಕಪ್ಪು ಕಪ್ಪಾಗಿದೆ ಅಂತ ಬೆಳಕೂ ಏರಿಸಿದೆ. ಕೊನೆಗೆ ಚಳಿಗಾಲದ ರಾತ್ರಿ ಅಂದರೆ ಇದಪ್ಪ ಅನ್ನೋ ಹಾಗೆ ಬಂತು. ಕಾವ್ಯಳನ್ನು ಕರೆಸಿ ಹೆಮ್ಮೆಯಿಂದ ತೋರಿಸಿದೆ. ಹುಡುಗಿ ಪರದೆ ಹತ್ತಿರ ಬಗ್ಗಿ ನೋಡಿದಳು.

"ಆಂಟಿ, ಬೇಜಾರು ಮಾಡ್ಕೋಬೇಡಿ. ಪಂಚೆಗೆ ನೀಲಿ ಜಾಸ್ತಿ ಹಾಕ್ಬಿಟ್ರೆ ಆಗುತ್ತಲ್ಲ, ಆಕಾಶ ಹಂಗಾಗಿದೆ. ಅವ್ರ ಮುಖಾನೂ. ಮೈಮೇಲೆಲ್ಲ ಬಣ್ಣದ ರವೆ ಚೆಲ್ಲಿದಂಗೈತೆ."

"ರವೆ ಎಲ್ಲೈತೆ ಮಾರಾಯ್ತಿ?" ಅಂದೆ. ನನಗೆ ಕಾಣಲೇ ಇಲ್ಲ. ಪರದೆಗೆ ಮೂಗು ತಾಗಿಸಿ ನೋಡಿದರೂ ಕಾಣಲಿಲ್ಲ.

ಮೊದಲು ಮಾನಿಟರ್ ಮೇಲೆ ಅನುಮಾನ ಬಂತು. ಬೀರೂರಿನಿಂದ ಬೇರೆ ತರಿಸಿ ಕೂರಿಸಿದೆ, ಅದೂ ಹಳದಿ. ಆಮೇಲೆ ವಿಭೂತಿ ಗಟ್ಟಿಯನ್ನೇ ಬಿಸಿಲಿಗೆ ಹಿಡಿದು ನೋಡಿದೆ. ಅಯ್ಯೋ ಶಿವನೇ, ಇದೇ ಹಳದಿ! ಬಿಳಿ ಅಂತ ನಂಬಿದ್ದೇ ಬಿಳಿ ಅಲ್ಲದಿದ್ದರೆ ಮಿಕ್ಕಿದ್ದು ಹೇಗೆ ನೆಟ್ಟಗಾಗುತ್ತೆ? ಕಳ್ಳಿ ಸಿಕ್ಕಿಬಿದ್ದಳು ಅಂತ ಸಂತೆಗೆ ಹೋದೆ. ಅಲ್ಲಿ ವಿಭೂತಿ, ರುದ್ರಾಕ್ಷಿ, ಊದುಬತ್ತಿ ಹರವಿಕೊಂಡು ಕೂರೋ ಚನ್ನಬಸಮ್ಮನ ಹತ್ತಿರ ನಾನು ವರ್ಷಗಳಿಂದ ಕೊಳ್ಳುತ್ತಿದ್ದೆ. ಗಟ್ಟಿಯನ್ನು ಅವಳ ಮುಂದೆ ಕುಕ್ಕಿ, "ಏನು ಕಲಬೆರಕೆ ಮಾಡ್ತಿದೀಯ? ವಿಭೂತಿ ಹಳದಿ ಆಗುತ್ತಾ ಎಲ್ಲಾದ್ರೂ?" ಅಂದೆ.

ಚನ್ನಬಸಮ್ಮ ಗಟ್ಟಿ ನೋಡಿದಳು, ನನ್ನ ಮುಖ ನೋಡಿದಳು. "ನಿನ್ನ ಹಣೆ ಮೇಲೂ ಅದೇ ಐತಲ್ಲವ್ವ. ಇಡೀ ಸಂತೆನೇ ಕೇಳ್ತೀನಿ, ಯಾರಾದ್ರೂ ಹಳದಿ ಅಂದ್ರೆ ಅಂಗಡಿ ಮುಚ್ಕಂಡು ಹೋಗ್ತೀನಿ" ಅಂದವಳೇ ನಿಜವಾಗಲೂ ಕೇಳಿಬಿಟ್ಟಳು. ಬದನೆಕಾಯಿ ಮಾರೋನು ಬಿಳಿ ಅಂದ. ಬಳೆಯವಳು ಬಿಳಿ ಅಂದಳು. ಅವಳ ಗಿರಾಕಿಗಳೆಲ್ಲ ಬಿಳಿ ಅಂದರು. ಎಲ್ಲ ಒಂದೇ ಗುಂಪು, ಇವರ ಹತ್ತಿರ ಏನು ಮಾತು ಅಂತ ಸಿಡುಕಿಕೊಂಡು ಬಂದೆ.

ರವೆ ಅಂದಳಲ್ಲ, ಅದಕ್ಕೊಂದು ಗತಿ ಕಾಣಿಸ್ತೀನಿ ಅಂತ ಎರಡನೇ ಸಲ ಕಂಪ್ಯೂಟರಿನಲ್ಲಿ ನಾಯ್ಸ್ ತೆಗೆಯೋ ಗುಂಡಿಯನ್ನು ಕೊನೇವರೆಗೂ ಎಳೆದುಬಿಟ್ಟೆ. ಎಲ್ಲಾ ನುಣ್ಣಗಾಯಿತು. ಕಾವ್ಯ ಮತ್ತೆ ಬಂದಳು. ಈ ಸಲ ಅವಳ ಕಣ್ಣಲ್ಲಿ ನೀರೇ ಬಂತು.

"ಆಂಟಿ, ಚುಕ್ಕಿ ಎಲ್ಲಿ?"

ಚುಕ್ಕಿ ಇರಲಿಲ್ಲ. ಬೆರಳೆಣಿಕೆಯಷ್ಟು ದೊಡ್ಡವು ಉಳಿದಿದ್ದವು, ಮಿಕ್ಕಿದ್ದೆಲ್ಲ ರವೆ ಜೊತೆಗೇ ಹೋಗಿತ್ತು. ಅವಳು ಹೇಳೋವರೆಗೂ ಅದು ನನಗೆ ತಿಳಿಯಲಿಲ್ಲ. ಅವಳನ್ನು ಸಮಾಧಾನ ಮಾಡಿ ಕಳಿಸಿ, ಸ್ಟುಡಿಯೋ ಬಾಗಿಲು ಎಳೆದುಕೊಂಡು ಒಳಗೆ ಕೂತೆ. ಮಾನಿಟರ್ ಅಲ್ಲ, ವಿಭೂತಿ ಅಲ್ಲ ಅಂತ ಆಗಲೇ ಒಳಗೊಳಗೆ ಗೊತ್ತಾಗಿತ್ತು. ಗೊತ್ತಿಲ್ಲದವಳ ಹಾಗೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಪರಮೇಶಿ ಕೈಯಲ್ಲಿ ವಿಭೂತಿ ಗಟ್ಟಿ ಹಿಡಿದು ಬಂದರು. ಡ್ಯೂಟಿಗೆ ಹೋಗೋ ಹೊತ್ತಾಗಿತ್ತು, ಆದರೂ ನಿಂತೇ ಇದ್ದರು.

"ಗಿರಿಜಾ, ಒಂದ್ನಿಮಿಷ ಈ ಕಡೆ ತಿರುಗು. ನಮಗೆ ಕಣ್ಣು ಟೆಸ್ಟ್ ಮಾಡ್ತಾರಲ್ಲ, ಒಂದೊಂದೇ ಕಣ್ಣು. ಹಂಗೆ ನೋಡಾನ."

"ನನಗೇನಾಗೈತೆ ಟೆಸ್ಟ್ ಮಾಡಾಕೆ?"

"ನಿನ್ನ ಕ್ಯಾಮೆರಾಕ್ಕೆ ನೀನು ಮಾಡಲ್ವಾ? ಮುಚ್ಚಳ ಹಾಕಿ ನೋಡ್ತೀಯಲ್ಲ, ಯಾವ್ದು ಆಕಾಶದ್ದು, ಯಾವ್ದು ಅದ್ರದ್ದು ಅಂತ. ಅಷ್ಟೇ" ಅಂದು, ನಾನು ಮಾತಾಡೋ ಮುಂಚೆ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿದರು. ಎಡಗಣ್ಣಿಗೆ ಗಟ್ಟಿ ಬಿಳಿಯಾಗಿ ಕಂಡಿತು. ಒಂಚೂರು ಮಾಸಲು, ಆದರೆ ಬಿಳಿ. ಆಮೇಲೆ ಎಡಗಣ್ಣು ಮುಚ್ಚಿದರು. ಅದೇ ಗಟ್ಟಿ, ಅದೇ ಕೈ, ಅದೇ ಬಿಸಿಲು. ಹಳೇ ಕೊಬ್ಬರಿ ಎಣ್ಣೆ ಬಣ್ಣ. ಅಂಚೆಲ್ಲ ಮಸುಕು.

ಬಲಗಣ್ಣೇ ನಾನು ಕ್ಯಾಮೆರಾಕ್ಕೆ ಹಚ್ಚೋ ಕಣ್ಣು.

ಒಗೆಯೋ ಕಲ್ಲಿನ ಮೇಲೆ ಕೂತುಬಿಟ್ಟೆ. ಕೈಯೆಲ್ಲ ಸೋಪು. "ನನಗೆ ಬಂದ್ಬಿಡ್ತು ಕಣ್ರೀ. ಅವ್ವನದು ನನಗೆ ಬಂದ್ಬಿಡ್ತು" ಅಂದೆ. ಅವರು "ಆಸ್ಪತ್ರೆಗೆ ಹೋಗಾನ" ಅಂದರೆ ನಾನು ಬರಲ್ಲ ಅಂದೆ. ಅಲ್ಲಿ ಹೋಗಿ ಟಾರ್ಚು ಆರಿಸಿ ಅದೇ ಮಾತು ಹೇಳ್ತಾರೆ. ಅದನ್ನು ಕೇಳೋಕೆ ಅಷ್ಟು ದೂರ ಹೋಗಬೇಕಾ? ಮದುವೆ ಸೀಸನ್ನು ಮುಗೀಲಿ, ಆಮೇಲೆ ನೋಡಾನ ಅಂತ ಕೂಗಾಡಿದೆ.

ಆಗ ಒಳಗಿನಿಂದ ಅವ್ವನ ಧ್ವನಿ ಬಂತು. ಹಿತ್ತಲ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

"ಪರಮೇಶಿಗೆ ನಾನೇ ಹೇಳಿದ್ದು ಕಣೇ, ನೋಡಪ್ಪ ಅಂತ. ಎರಡು ತಿಂಗಳಿಂದ ಕೇಳ್ತಾ ಇದೀನಿ. ಹೊಸ್ತಿಲು ಎಡವ್ತೀಯ. ಲೋಟಕ್ಕೆ ಕಾಫಿ ಬಗ್ಗಿಸೋವಾಗ ಚೆಲ್ತೀಯ, ಚೆಲ್ಲಿ ಸುಮ್ಮನೆ ಒರೆಸ್ತೀಯ. ನಾನೂ ಹಿಂಗೇ ಒರೆಸ್ತಿದ್ದೆ. ನನಗೆ ಕಾಣ್ದೆ ಇರಬೋದು, ಕುರ್ಡಿ ಆಗೋದು ಹೆಂಗಂತ ನನಗೆ ಹೇಳ್ಕೊಡ್ಬೇಡ. ಏಳು, ಸೀರೆ ಉಟ್ಕ. ಇವತ್ತೇ ಹೋಗು."

ಅವ್ವ ಅಷ್ಟು ಗಟ್ಟಿಯಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು. ಎದ್ದೆ.

ಬೀರೂರಿಗೆ ಬಸ್ಸಿನಲ್ಲಿ, ಅಲ್ಲಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ. ತರೀಕೆರೆ ದಾಟೋವರೆಗೂ ನಾನು ಕಿಟಕಿಯಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ಆಕಾಶ ನೋಡುತ್ತಾ ಕೂತೆ. ಎದುರು ಸೀಟಿನ ಹೆಂಗಸು ನಾನು ಅವಳ ಗಂಡನಿಗೆ ಕಣ್ಣು ಹೊಡೀತಿದೀನಿ ಅಂದುಕೊಂಡಳೋ ಏನೋ, ಅವನನ್ನು ಎಬ್ಬಿಸಿ ಆ ತುದಿಗೆ ಕೂರಿಸಿದಳು. ಪರಮೇಶಿ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಕಣ್ಣು ಹೋದರೆ ಎಡಗಣ್ಣಲ್ಲಿ ಕೆಲಸ ಕಲೀಬಹುದಾ, ಅದೂ ಹೋದರೆ ಇಬ್ಬರು ಕುರುಡಿಯರನ್ನು ಈ ಮನುಷ್ಯ ಹೇಗೆ ನೋಡಿಕೊಳ್ತಾರೆ ಅಂತ ಅದನ್ನೇ ಯೋಚನೆ ಮಾಡುತ್ತಿದ್ದೆ.

ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟರು, ಕೂರಿಸಿದರು, ಒಂದು ಯಂತ್ರದ ಮುಂದೆ ಗದ್ದ ಇಡಿಸಿದರು. ಒತ್ತಡ ನೋಡಿದರು. ಹುಡುಗಿ ವಯಸ್ಸಿನ ಡಾಕ್ಟರಮ್ಮ ನನ್ನ ಕಣ್ಣೊಳಗೆ ಬಹಳ ಹೊತ್ತು ನೋಡಿದಳು. ಕೊನೆಗೆ ದೀಪ ಆರಿಸಿದಳು. ನಾನು ಪರಮೇಶಿ ಕೈ ಹಿಡಿದುಕೊಂಡೆ. ಈಗ ಆ ಮಾತು ಬರುತ್ತೆ ಅಂತ ಗೊತ್ತು.

"ಅಮ್ಮಾ, ನಿಮ್ಮ ತಾಯೀದು ನಿಮಗೆ ಬಂದಿಲ್ಲ. ಒತ್ತಡ ಸರಿಯಾಗಿದೆ, ನರ ಚೆನ್ನಾಗಿದೆ. ಇದು ಪೊರೆ. ಬಲಗಣ್ಣಲ್ಲಿ ಚೆನ್ನಾಗಿ ಬಲಿತು ಹಳದಿ ಆಗಿದೆ, ಎಡಗಣ್ಣಲ್ಲಿ ಈಗ ಶುರು. ತೆಗೆದು ಬೇರೆ ಲೆನ್ಸ್ ಕೂರಿಸ್ತೀವಿ, ಅಷ್ಟೇ."

"ಅಷ್ಟೇನಾ?" ಅಂದೆ.

"ಅಷ್ಟೇ."

"ಇನ್ನೊಂದ್ಸಲ ಹೇಳಿ."

ಆಕೆ ನಕ್ಕು ಇನ್ನೊಂದು ಸಲ ಹೇಳಿದಳು. ನಾನು ಅಲ್ಲೇ, ಆ ಸ್ಟೂಲಿನ ಮೇಲೇ ಗಳಗಳ ಅಂತ ಅತ್ತುಬಿಟ್ಟೆ. ಎದೆ ಮೇಲಿಂದ ರುಬ್ಬೋ ಗುಂಡು ಎತ್ತಿಟ್ಟ ಹಾಗಾಯಿತು. ಪರಮೇಶಿ ಹೊರಗೆ ಬಂದವರೇ, "ಹಸಿವಾಗ್ತೈತೆ ಕಣೇ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಅಂದರು. ಅವರೂ ಹೆದರಿದ್ದರು ಅಂತ ಆಗಲೇ ನನಗೆ ಗೊತ್ತಾಗಿದ್ದು. ಇಬ್ಬರೂ ಎರಡೆರಡು ದೋಸೆ ತಿಂದೆವು. ಬರೋವಾಗ ರೈಲು ತರೀಕೆರೆಯಲ್ಲಿ ನಿಂತಾಗ ಸೀಬೆಹಣ್ಣು ಕೊಂಡು ಅವ್ವನಿಗೆ ಕಟ್ಟಿಸಿಕೊಂಡೆ.

ಮನೆ ಮುಟ್ಟಿದಾಗ ಅವ್ವ ಜಗಲಿ ಮೇಲೆ ಚಳಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ನನ್ನ ಹೆಜ್ಜೆ ಸದ್ದು ಕೇಳಿದ ಕೂಡಲೇ, "ನಂದಲ್ಲ ತಾನೆ?" ಅಂದಳು.

"ಅಲ್ಲ ಕಣವ್ವ. ಪೊರೆ. ತೆಗೀತಾರಂತೆ."

ಅವ್ವ ತಡವಿ ನನ್ನ ಮುಖ ಹುಡುಕಿ, ಎರಡು ಕಣ್ಣಿನ ಮೇಲೂ ಹೆಬ್ಬೆರಳು ಆಡಿಸಿದಳು. ಬೆರಳು ತಣ್ಣಗಿತ್ತು. "ನಾನೇ ಕೊಟ್ಟೆನೇನೋ ಅಂತಿದ್ದೆ" ಅಂದು ಸೀಬೆಹಣ್ಣು ಇಸಕೊಂಡು ಒಳಗೆ ಹೋದಳು. ಆವತ್ತು ಎರಡು ರಾಗಿಮುದ್ದೆ ಉಂಡಳು.

ಸಂಕ್ರಾಂತಿ ಕಳೆದ ಮೇಲೆ ಬಲಗಣ್ಣಿಗೆ ಆಪರೇಷನ್ ಆಯಿತು. ಡಾಕ್ಟರಮ್ಮ ಅಪ್ಪಣೆ ಕೊಟ್ಟ ದಿನ ಸ್ಟುಡಿಯೋಗೆ ಹೋಗಿ ಕಾವ್ಯಳ ಫೋಟೋ ತೆರೆದೆ. ಅಬ್ಬಬ್ಬಾ! ಆ ಹುಡುಗಿ ಎಷ್ಟು ಮರ್ಯಾದೆಯಿಂದ ಮಾತಾಡಿದ್ದಳು ಅಂತ ಆಗ ತಿಳಿಯಿತು. ಪಾಪ, ಆ ಹುಡುಗನನ್ನು ನೀಲಿ ಡಬ್ಬದಲ್ಲಿ ಅದ್ದಿ ತೆಗೆದಿದ್ದೆ. ಒಬ್ಬಳೇ ಕೂತು ಜೋರಾಗಿ ನಕ್ಕೆ. ಮತ್ತೆ ಮೊದಲಿಂದ ಶುರು ಮಾಡಿದೆ. ಕೆರೆ ಏರಿಯಲ್ಲಿ ಮುಚ್ಚಳ ಹಾಕಿ ತೆಗೆದಿದ್ದನ್ನು ಕಳೆದೆ, ಉಳಿದ ಕಾಳನ್ನು ಹಗುರವಾಗಿ ಅಳಿಸಿದೆ, ಚುಕ್ಕಿಗಳನ್ನು ಮುಟ್ಟಲಿಲ್ಲ. ವಿಭೂತಿಯನ್ನು ಬಿಳಿ ಅಂತ ತೋರಿಸಿ ಅಲ್ಲಿಗೇ ಕೈ ಬಿಟ್ಟೆ. ಬೀರೂರು ದಿಕ್ಕಿನ ಹುಣಸೆ ಬಣ್ಣವನ್ನು ಪೂರ್ತಿ ತೆಗೆಯಲಿಲ್ಲ, ಸ್ವಲ್ಪ ಉಳಿಸಿದೆ. ಅಲ್ಲಿ ದೀಪ ಇರೋದು ನಿಜವೇ ತಾನೆ? ಛತ್ರದ ಬಾಗಿಲಲ್ಲಿ ಆ ಫೋಟೋ ನಿಂತ ದಿನ ಕಾವ್ಯ ಅದರ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ನನ್ನನ್ನು ತಬ್ಬಿಕೊಂಡಳು. ಇನ್ನು ಚನ್ನಬಸಮ್ಮ. ಅವಳ ಹತ್ತಿರ ಹೋಗಿ ಒಂದು ಡಜನ್ ಗಟ್ಟಿ ಕೊಂಡೆ. "ಯಾವ ಬಣ್ಣ?" ಅಂದಳು. "ಬಿಳಿ ಕಣೇ ತಾಯಿ, ಬಿಳಿ" ಅಂದೆ. ಬದನೆಕಾಯಿಯವನಿಗೂ ಕೇಳೋ ಹಾಗೆ ಇನ್ನೊಂದು ಸಲ ಹೇಳಿಸಿದಳು.

ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮಧ್ಯಾಹ್ನದ ವಿಷಯ ಹೇಳೋದು ಬಿಟ್ಟೇಹೋಯಿತು. ಹಿಂದಿನ ದಿನ ಆಪರೇಷನ್, ಬೆಳಿಗ್ಗೆ ಪಟ್ಟಿ ಬಿಚ್ಚಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದೆ. ಅವ್ವ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕನ್ನಡಕ ತೆಗೆದು ಅವಳ ಎದುರು ಕೂತೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ.

ಅವ್ವನ ಹಣೆ ಮೇಲೆ ಮೂರು ಪಟ್ಟೆ ವಿಭೂತಿ. ಕಾಣದೆ ಹಚ್ಚಿಕೊಳ್ಳೋದಲ್ವಾ, ಒಂದು ಕಡೆ ಸೊಟ್ಟ. ಎಂಥ ಬಿಳುಪು ಅದು! ಅದರ ಕೆಳಗೆ ಅವಳ ಮುಖ. ಎರಡು ವರ್ಷದಿಂದ ಆ ಮುಖ ನನಗೆ ಮಸುಕಾಗಿ, ನಾಯ್ಸ್ ಜಾಸ್ತಿ ತೆಗೆದ ಮದುವೆ ಫೋಟೋದ ಹಾಗೆ ನುಣ್ಣಗೆ ಕಾಣುತ್ತಿತ್ತು, ಅವ್ವ ಇನ್ನೂ ಗಟ್ಟಿಯಾಗಿದಾಳೆ ಅಂದುಕೊಂಡಿದ್ದೆ. ಈಗ ಒಂದೊಂದು ಗೆರೆಯೂ ಕಂಡಿತು. ಕೆನ್ನೆ ತುಂಬ, ತುಟಿ ಸುತ್ತ, ಕಣ್ಣಿನ ಕೊನೆಯಲ್ಲಿ, ಎಲ್ಲೆಲ್ಲೂ.

"ಕಣ್ಣು ಬಿಟ್ಟಿದೀಯಾ?" ಅಂದಳು.

"ಬಿಟ್ಟಿದೀನಿ ಕಣವ್ವ."

"ಹೆಂಗ್ ಕಾಣ್ತೀನಿ?"

ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. "ಅಯ್ಯೋ ಅವ್ವ, ಎಷ್ಟು ಮುದುಕಿ ಆಗ್ಬಿಟ್ಟಿದೀಯೇ!" ಅಂದೆ.

ಅವ್ವ ಬೊಚ್ಚು ಬಾಯಿ ಬಿಟ್ಟು ನಕ್ಕಳು. "ಹಂಗಾದ್ರೆ ಸರಿಯಾಗೇ ಕಾಣ್ತೈತೆ ಬಿಡು" ಅಂದಳು.